ಮ್ಯೂಜಿಯಮ್ಮಿನಲ್ಲಿ ಹಲ್ಲಿ

ಕಳೆದ ಶನಿವಾರ ಒಂದು ಹಲ್ಲಿಯ ದೆಸೆಯಿಂದ ನಮ್ಮ ಗಂಗೂಳ ಓದು ಹಳ್ಳ ಹಿಡಿಯುವುದರಲ್ಲಿತ್ತು. ತಮಾಷೆಯೆಂದರೆ, ಅಲ್ಲಿ ಹಲ್ಲಿ ಇರಲೇ ಇಲ್ಲ.

ನಮ್ಮ ಹುಡುಗಿಯರ ಹೈಸ್ಕೂಲಿನಿಂದ ಪುಣೆಯ ದೊಡ್ಡ ಪ್ರಾಣಿ ಮ್ಯೂಜಿಯಮ್ಮಿಗೆ ಟ್ರಿಪ್ ಹೊರಟಿತ್ತು. ಸಾಯನ್ಸ್ ಮಾಸ್ತರರ ಜೊತೆಗೆ ಒಬ್ಬ ಹೆಂಗಸೂ ಇರಲಿ ಎಂದು ಹೊಲಿಗೆ ಕಲಿಸುವ ನನ್ನನ್ನು ಟಾಂಗಾ ಹತ್ತಿಸಿದರು. (ಹುಲಿ ಎದ್ದು ಬಂದರೆ ಸೂಜಿ ತೋರಿಸಿ ಹೆದರಿಸಲೆಂದೋ ಏನೋ!)

ಗಂಗೂ ಧಾರವಾಡದ ಕಡೆಯವಳು, ಈ ವರ್ಷವಷ್ಟೇ ಪುಣೆಗೆ ಬಂದವಳು. ಸಾಯನ್ಸ್ ಕ್ಲಾಸನ್ನೇ ಸೇರಬೇಕೆಂದು ಹಟ. ಮರಾಠಿಯೇ ನೆಟ್ಟಗೆ ಬಾರದವಳಿಗೆ ಸಾಯನ್ಸ್ ಹೇಗೆ ಬಂದೀತು ಎಂದು ಮಾಸ್ತರರ ತಕರಾರು. ಕೊನೆಗೆ ಒಂದು ಕರಾರು ಹಾಕಿದರು: ಮ್ಯೂಜಿಯಮ್ಮಿನಲ್ಲಿ ಒಂದೇ ಪ್ರಶ್ನೆ. ಸರಿ ಹೇಳಿದರೆ ಸಾಯನ್ಸ್, ತಪ್ಪಿದರೆ ಹೊಲಿಗೆ.

ಅಂದರೆ ನನ್ನ ಕ್ಲಾಸ್! ಗಂಗೂ ಗುಂಡಿ ಹಚ್ಚಿದರೆ ಬಟ್ಟೆಯೇ ಹರಿಯುತ್ತದೆ. ಅವಳು ಗೆಲ್ಲಲೆಂದು ಅವಳಿಗಿಂತ ಹೆಚ್ಚು ಹರಕೆ ಹೊತ್ತವಳು ನಾನು.

ಮ್ಯೂಜಿಯಂ ಭರ್ಜರಿಯಾಗಿತ್ತು. ಹೊಟ್ಟೆಯ ತುಂಬ ಹುಲ್ಲು ತುರುಕಿಸಿಕೊಂಡ ಹುಲಿಯ ಹೊಲಿಗೆಯ ಟಾಕೆಗಳನ್ನು ಬಗ್ಗಿ ನೋಡಿದೆ. ನನ್ನ ಕ್ಲಾಸಿನಲ್ಲಿ ಯಾರಾದರೂ ಹಾಗೆ ಹೊಲಿದಿದ್ದರೆ ಪೂರ್ತಿ ಬಿಚ್ಚಿಸುತ್ತಿದ್ದೆ. ಇನ್ನು ಆ ಲೇಬಲ್ಲುಗಳೋ! ಪ್ರಾಣಿಯ ಹೆಸರು ಇರುವೆಯಷ್ಟು, ಅದನ್ನು ಹೊಡೆದ ಸಾಹೇಬನ ಹೆಸರು ಇಷ್ಟಗಲ. ಪಾಪ, ಒಬ್ಬ ಹುಡುಗಿ ಹುಲಿಯ ಹೆಸರೇ ಕರ್ನಲ್ ಎಂದು ತಿಳಿದಳು. ನಾನು ತಿದ್ದಲು ಹೋಗಲಿಲ್ಲ.

ಮಾಸ್ತರರು ಸಿವಂಗಿಯ ಮುಂದೆ ನಿಂತರು. (ಹಿಂದೆ ರಾಜರು ಬೇಟೆಗೆ ಪಳಗಿಸುತ್ತಿದ್ದ, ಚಿರತೆಯ ಸಣಕಲು ನೆಂಟ.) ಗಂಗೂಳನ್ನು ಕರೆದು ಕೇಳಿದರು:

“ಹಲ್ಲೀ ಹಾ ಕುಠೇ ದಿಸತೋ?”

ಮರಾಠಿಯಲ್ಲಿ ‘ಹಲ್ಲೀ’ ಎಂದರೆ ಇತ್ತೀಚೆಗೆ. ಈ ಪ್ರಾಣಿ ಇತ್ತೀಚೆಗೆ ಎಲ್ಲಿ ಕಾಣುತ್ತದೆ ಎಂಬುದು ಪ್ರಶ್ನೆ. ಎಲ್ಲಿಯೂ ಇಲ್ಲವೆನ್ನುವಷ್ಟು ಅಪರೂಪ ಎಂಬುದು ಅವರಿಗೆ ಬೇಕಾದ ಉತ್ತರ. ಗಂಗೂಳ ಕಿವಿಗೆ ಬಿದ್ದದ್ದು ಮಾತ್ರ ನಮ್ಮ ಮನೆಯ ಹಲ್ಲಿ.

“ಭಿಂತೀವರ, ಸರ್!” ಎಂದಳು. ಗೋಡೆಯ ಮೇಲೆ! ಅದೂ ಎಷ್ಟು ಧೈರ್ಯದಿಂದ!

ಹುಡುಗಿಯರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಸ್ತರರು ನನ್ನತ್ತ ಕೈ ಮಾಡಿ, “ಜಾ, ಶಿವಣಾಚ್ಯಾ ವರ್ಗಾತ ಬಸ!” ಎಂದು ಅವಳನ್ನು ಹೊಲಿಗೆಗೆ ಅಟ್ಟಿಯೇಬಿಟ್ಟರು.

ನಾನು ನಗಲಿಲ್ಲ. ಪುಣೆಗೆ ಬಂದ ಹೊಸದರಲ್ಲಿ ಅಂಗಡಿಯವನು “ಕಾಯ ಪಾಹಿಜೇ?” (ಏನು ಬೇಕು?) ಎಂದು ಕೇಳಿದಾಗ, “ಕಾಯಿ ಬ್ಯಾಡ್ರಿ, ಬೆಲ್ಲ ಕೊಡ್ರಿ” ಎಂದವಳು ನಾನು. ನಿಮ್ಮಲ್ಲಿ ಎಷ್ಟು ಜನ ಹೀಗೆ ಎಡವಿಲ್ಲ, ಹೇಳಿ?

ಗಂಗೂಳ ಕಣ್ಣು ತುಂಬಿತ್ತು. ಪಕ್ಕಕ್ಕೆ ಕರೆದು, “ಸಿವಂಗಿ ಮುಂದ ನಿಂದರಿಸಿ ಹಲ್ಲಿ ಯಾಕ ಕೇಳ್ತಾರಂತ ಅನಸಲಿಲ್ಲೇನ?” ಎಂದೆ.

“ಅನಸ್ತ್ರೀ ಅಕ್ಕೋರ. ಆದ್ರ ಮಾಸ್ತರಿಗೆ ತಿರುಗಿ ಕೇಳೂದು ಹ್ಯಾಂಗ್ರೀ?”

(ಇದು ಅವಳ ತಪ್ಪೋ, ನಾವು ಕಲಿಸಿದ ಪಾಠವೋ?)

ಸಿಟ್ಟು ನೆತ್ತಿಗೇರಿತು. ಒಂದು ಶಬ್ದ ತಪ್ಪಿದ್ದಕ್ಕೆ ಹುಡುಗಿಯ ಇಡೀ ಓದಿಗೇ ಕಲ್ಲು ಹಾಕುವುದೇ? ಏನು ಹೇಳಲಿ ಎಂದು ತಲೆಯೆತ್ತಿದವಳಿಗೆ ಗೋಡೆ ಕಂಡಿತು. ಸಾಲಾಗಿ ಸಿವಂಗಿಯ ತಲೆಗಳು, ಒಂದೊಂದಕ್ಕೂ ಮರದ ಹಲಗೆ, ಒಂದೊಂದರ ಕೆಳಗೂ ಸಾಹೇಬನ ಹೆಸರು.

“ಮಾಸ್ತರ, ವರ ಬಘಾ,” ಎಂದು ಮೇಲೆ ತೋರಿಸಿದೆ. “ಭಿಂತೀವರಚ ದಿಸತೋ ನಾ?” ಗೋಡೆಯ ಮೇಲೇ ಕಾಣುತ್ತದಲ್ಲವೇ?

ಮಾಸ್ತರರು ಮೇಲೆ ನೋಡಿದರು. ಹುಡುಗಿಯರೂ ನೋಡಿದರು. ಈ ಸಲ ಯಾರೂ ನಗಲಿಲ್ಲ. ಮಾಸ್ತರರು ಚಷ್ಮಾ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಸೋಮವಾರದಿಂದ ಸಾಯನ್ಸ್ ಕ್ಲಾಸಿಗೆ ಬಾ ಎಂದು ಗಂಗೂಗೆ ಗೊಣಗಿದರು.

ನನಗೆ ಕುಣಿಯುವಷ್ಟು ಖುಷಿ. ಗಂಗೂ ಮಾತ್ರ ಇನ್ನೂ ಆ ತಲೆಗಳನ್ನೇ ನೋಡುತ್ತಿದ್ದಳು.

“ಅಕ್ಕೋರ,” ಎಂದಳು, “ನಾ ಸಾಯನ್ಸ್ ಕಲ್ತು ಮುಗಸೂತನಕ ಈ ಸಾಹೇಬ್ರು ಏನರೆ ಜೀವಂತ ಉಳಸ್ತಾರೇನ್ರೀ?”