ಮೂರನೇ ಮಹಡಿಯ ಯುದ್ಧ

ಮಹದೇವಪುರದ ನಮ್ಮ ಬಾಡಿಗೆ ಮನೆಯಲ್ಲಿ ಒಂದು ಭಾನುವಾರ ಮಧ್ಯಾಹ್ನ ನಾನೂ ರೂಮ್‌ಮೇಟ್ ಪ್ರವೀಣನೂ ಮೊದಲ ಸಲ ಯುದ್ಧಕ್ಕೆ ಕೂತಿದ್ದೆವು. ಊಟದ ಮೇಜೇ ರಣರಂಗ, ಬಿಸ್ಕತ್ತಿನ ಡಬ್ಬಗಳೇ ಗೋಡೆ. ಹೆಬ್ಬೆರಳುದ್ದದ ಸೈನಿಕ ಗೊಂಬೆಗಳಿಗೆ ನಾವೇ ಬಣ್ಣ ಬಳಿದಿದ್ದೆವು. ಸರದಿ ಬಂದಾಗ ಟೇಪಿನಲ್ಲಿ ಅಳೆದು ಗೊಂಬೆಯನ್ನು ನಡೆಸಬೇಕು, ಅದರ ಕಣ್ಣಿಗೆ ಎದುರಾಳಿ ಬಿದ್ದರೆ ದಾಳ ಹಾಕಿ ಹೊಡೆಯಬೇಕು.

ಡಬ್ಬದ ಹಿಂದಿದ್ದ ನನ್ನ ನಾಯಕ ಪ್ರವೀಣನ ಸೈನಿಕನಿಗೆ ಕಾಣುತ್ತಾನೋ ಇಲ್ಲವೋ ಅಂತ ಜಗಳ ಹತ್ತಿತು. "ಕಾಣ್ತಾನೆ ಮಗಾ, ಇವತ್ತು ಸಾಯಿಸೇ ಸಾಯಿಸ್ತೀನಿ!" ಎಂದು ಪ್ರವೀಣ ಕಿರುಚಿದ. ಕೆಳಮನೆಯಲ್ಲಿದ್ದ ಓನರ್ ಮುನಿಯಪ್ಪನವರು ದೊಣ್ಣೆ ಹಿಡಿದು ಓಡಿಬಂದರು.

"ಯಾರ್ರೀ ಅದು, ಯಾರ್ನ ಸಾಯಿಸ್ತಿರೋದು?"

ನಾನು ಮೇಜು ತೋರಿಸಿದೆ. ಮನೆ ಖಾಲಿ ಮಾಡಿಸ್ತಾರೆ ಅಂದುಕೊಂಡೆ. ಅವರು ದೊಣ್ಣೆಯನ್ನು ಬಾಗಿಲಿಗೊರಗಿಸಿ, ಬಗ್ಗಿ, ಒಂದು ಕಣ್ಣು ಮುಚ್ಚಿ ಪ್ರವೀಣನ ಸೈನಿಕನ ಹಿಂದಿನಿಂದ ನೋಡಿದರು.

"ತಲೆ ಕಾಣ್ತೈತಲ್ಲಪ್ಪ. ಹೊಡಿ."

ನನ್ನ ನಾಯಕ ಸತ್ತ. "ಈಗ ನಂಗೂ ಒಂದಷ್ಟು ಜನ ಕೊಡ್ರಪ್ಪ" ಎನ್ನುತ್ತಾ ಅವರು ಕುರ್ಚಿ ಎಳೆದುಕೊಂಡರು.

ಅಂದಿನಿಂದ ಪ್ರತಿ ಭಾನುವಾರ ಮೂವರೂ ಆಡುತ್ತೇವೆ. ನಿಯಮಗಳೆಲ್ಲ ಬಾಯಿಪಾಠವಾಗಿವೆ, ಕೈಯೂ ಪಳಗಿದೆ. ಆದರೆ ಬಾಡಿಗೆ ಮನೆಯಲ್ಲಿ ಕೂತು ಓನರ್ ಸೈನ್ಯವನ್ನು ಸೋಲಿಸುವ ಧೈರ್ಯ ಮಾತ್ರ ನಮ್ಮಿಬ್ಬರಿಗೂ ಇನ್ನೂ ಬಂದಿಲ್ಲ.