ತೊಳೆದ ಸೀಸೆ, ಎಬ್ಬಿಸಿದ ಮಂದೆ

ಮೊನ್ನೆ ಬೆಳಿಗ್ಗೆ ನಮ್ಮ ಚಿತ್ರದುರ್ಗದ ಕಾಲೇಜಿನ ಕೈತೋಟಕ್ಕೆ ಒಂದು ಟ್ರ್ಯಾಕ್ಟರ್ ಕುರಿಗೊಬ್ಬರ ಬಂದು ಬಿತ್ತು. ಸಹೋದ್ಯೋಗಿಗಳು ಕಿಟಕಿ ಮುಚ್ಚಿದರು, ನಾನು ತೆರೆದೆ. ಆ ವಾಸನೆ ಬಂದರೆ ನನಗೆ ನಮ್ಮೂರು ಹರಿಯಬ್ಬೆಯ ದೊಡ್ಡಪ್ಪ ಕಾಣುತ್ತಾನೆ. ಅವನ ಹಿಂದೆಯೇ, ನಂಬಿದರೆ ನಂಬಿ, ಸಮುದ್ರವೂ ಕಾಣುತ್ತದೆ.

ಸಮುದ್ರದ ಮಾತು ಮೊದಲು ಮುಗಿಸುತ್ತೇನೆ. ಕರಾವಳಿಯಲ್ಲಿ ಓದುತ್ತಿದ್ದಾಗ ಸೀಸೆಗಳಲ್ಲಿ ಕಡಲ ಪಾಚಿ ಸಾಕುವುದು ನನ್ನ ಕೆಲಸವಾಗಿತ್ತು. ಒಂದೊಂದು ಪಾಚಿಯೂ ಒಂದೇ ಜೀವಕೋಶ. ನೀರಿಗೆ ತಿಳಿ ಚಹಾದ ಬಣ್ಣ ಬಂದರಷ್ಟೇ ಅದು ಇದೆ ಎಂದು ಗೊತ್ತಾಗುವುದು. ಜೊತೆಯಲ್ಲಿ ಬ್ಯಾಕ್ಟೀರಿಯಾಗಳೂ ಇದ್ದವು. ನನಗೆ ಶುದ್ಧ ಪಾಚಿ ಬೇಕಿತ್ತು. ಔಷಧಿ ಹಾಕಿ ಅವುಗಳನ್ನು ಕೊಂದೆ. ಕೆಲವೇ ವಾರಗಳಲ್ಲಿ ಪಾಚಿ ಬಿಳಿಚಿಕೊಂಡು ಸತ್ತಿತು. ಮತ್ತೆ ಸಾಕಿದೆ, ಮತ್ತೆ ಶುದ್ಧ ಮಾಡಿದೆ, ಮತ್ತೆ ಸತ್ತಿತು. ಪಾಚಿಗೆ ಬೇಕಾದ ಒಂದು ವಿಟಮಿನ್ ಮಾಡಿಕೊಡುತ್ತಿದ್ದುದು ಆ ಬ್ಯಾಕ್ಟೀರಿಯಾಗಳೇ. ಪಾಚಿಯೋ, ಬೆಳಕಿನಲ್ಲಿ ತಾನು ಮಾಡಿದ ಸಕ್ಕರೆಯಲ್ಲಿ ಒಂದು ಪಾಲು ನೀರಿಗೆ ಬಿಟ್ಟು ಅವನ್ನು ಸಾಕುತ್ತಿತ್ತು. ಕೊಳೆ ಎಂದು ನಾನು ತೊಳೆದದ್ದು ಅದರ ಅನ್ನವನ್ನು.

ಈ ಪಾಠ ಮಾಡುವಾಗ ಪ್ರತಿ ವರ್ಷ ಒಂದು ಕಥೆ ಹೇಳುತ್ತೇನೆ. ಕುರಿ ಕಾಯುವ ದೊಡ್ಡಪ್ಪ ಊರ ಪಕ್ಕದ ರುದ್ರಪ್ಪನವರ ಹೊಲದಲ್ಲಿ ರಾತ್ರಿ ಹೊತ್ತು ಮಂದೆ ನಿಲ್ಲಿಸುತ್ತಿದ್ದ. ಕುರಿಗೆ ಕೊಯ್ಲಾದ ಮೇಲೆ ಉಳಿದ ಕೂಳೆಯ ಮೇವು, ಹೊಲಕ್ಕೆ ಹಿಕ್ಕೆಯ ಗೊಬ್ಬರ, ಅವನಿಗೆ ಒಂದಿಷ್ಟು ರಾಗಿ. ರಜೆಗೆ ಬಂದ ನನ್ನ ಸೀಸೆಯ ಗೋಳು ಕೇಳಿ ಅವನು, "ಕುರಿ ಓಡ್ಸಿ, ಹೊಲ ಸೊರಗ್ತು ಅಂದ್ರೆ ಹೆಂಗವ್ವ?" ಎಂದ, ನನಗೆ ಥಟ್ಟನೆ ಹೊಳೆಯಿತು. ವಿದ್ಯಾರ್ಥಿಗಳು ಚಪ್ಪಾಳೆ ತಟ್ಟುತ್ತಾರೆ. ನನ್ನ ಕಣ್ಣೂ ತುಸು ಒದ್ದೆಯಾಗುತ್ತದೆ.

ಮೊನ್ನೆ ಸಂಜೆ ಆ ವರ್ಷದ ದಿನಚರಿ ತೆಗೆದೆ. ಅದರಲ್ಲಿ ದೊಡ್ಡಪ್ಪನ ಆ ಮಾತಿಲ್ಲ.

ಇರುವುದು ಇದು. ರುದ್ರಪ್ಪನವರು ಬದುವಿನ ಮೇಲೆ ನಿಂತು, "ಓದ್ದೋಳು ನೀನು, ಹೇಳವ್ವ. ಈ ಕುರಿ ನಿಲ್ಸೋದು ಒಳ್ಳೇದಾ?" ಎಂದು ಕೇಳಿದ್ದರು. "ಹಿಕ್ಕೇಲಿ ಕಳೆ ಬೀಜ ಬರ್ತವೆ, ರೋಗಾನೂ ಬರ್ತದೆ. ಬಿಡ್ಸೋದೇ ಒಳ್ಳೇದು" ಎಂದಿದ್ದೆ ನಾನು. ಅರ್ಧ ನಿಜ, ಪೂರ್ತಿ ಜಂಬ. ಮೂರನೆಯ ದಿನ ಅವರು ಮಂದೆ ಎಬ್ಬಿಸಿದರು. ದೊಡ್ಡಪ್ಪ ಕಂಬಳಿ ಹೆಗಲಿಗೇರಿಸಿ ಹೊರಡುತ್ತ ನನಗೆ ಹೇಳಿದ್ದು ಇಷ್ಟೇ: "ಉಣ್ಣೋಗವ್ವ, ತಡ ಆತು."

ಸೀಸೆಗೆ ಬ್ಯಾಕ್ಟೀರಿಯಾಗಳನ್ನು ಮರಳಿ ಬಿಟ್ಟು ಒಂದು ತಪ್ಪು ತಿದ್ದಿಕೊಂಡಿದ್ದೆ. ಹೊಲದ್ದು ಹಾಗೇ ಉಳಿಯಿತು. ಅದನ್ನು ಮುಚ್ಚಲು ಒಂದು ಜಾಣಮಾತು ಕಟ್ಟಿ ದೊಡ್ಡಪ್ಪನ ಬಾಯಿಗಿಟ್ಟೆ. ಯಾವಾಗ ಇಟ್ಟೆನೋ, ನನಗೇ ಗೊತ್ತಿಲ್ಲ.

ಕೂಡಲೇ ಅವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ನೀನೇ ಹೇಳಿದ್ದು ಅಂತ ನಂಗೆ ಆವತ್ತೇ ಗೊತ್ತಿತ್ತು ಬಿಡು."

"ಮತ್ತೆ ಯಾಕೆ ಬೈಲಿಲ್ಲ?"

"ಓದೋ ಹುಡ್ಗಿ, ನಿಂಗೇ ತಿಳೀತದೆ ಅನ್ಕಂಡೆ. ಸ್ವಲ್ಪ ತಡ ಆತು."

"ಈಗ ಮಂದೆ ಎಲ್ಲಿ ನಿಲ್ಲಿಸ್ತೀಯ?"

"ಹೊಸದುರ್ಗದ ಕಡೆ. ದೂರ ಐತೆ. ಮಂಡಿ ನೋಯ್ತವೆ, ಅಷ್ಟೇಯ. ಕುರಿಗೇನು, ಅವು ಚೆನ್ನಾಗವೆ."

"ಭಾನುವಾರ ಬರ್ತೀನಿ. ರುದ್ರಪ್ಪೋರ ಹತ್ರ ಹೋಗಾಣ. ನಾನು ಹೇಳಿದ್ದು ತಪ್ಪು ಅಂತೀನಿ."

"ಚೀಲದ ಗೊಬ್ಬರ ಹಾಕಿ ಹಾಕಿ ನೆಲ ಕಲ್ಲಾಗೈತೆ ಅಂತ ಅವ್ನೇ ಅಂತಿದ್ದ. ಆದ್ರೂ ಒಪ್ತಾನೋ ಇಲ್ವೋ. ಗಟ್ಟಿ ಚಪ್ಪಲಿ ಹಾಕ್ಕಂಡ್ ಬಾ, ಆ ಹೊಲದ ತುಂಬ ಮುಳ್ಳು."

ಇವತ್ತು ಭಾನುವಾರ, ಊರಿಗೆ ಹೋಗಲು ಹಿರಿಯೂರಿನ ಬಸ್ಸಿಗೆ ಕಾಯುತ್ತ ಇದನ್ನು ಬರೆಯುತ್ತಿದ್ದೇನೆ. ಗಟ್ಟಿ ಚಪ್ಪಲಿ ಹಾಕಿಕೊಂಡಿದ್ದೇನೆ. ರುದ್ರಪ್ಪನವರದೂ ನನ್ನಂಥದೇ, ಬದಲಾಗುವ ನೆನಪು ಅಲ್ಲವೇ? "ನೀನೆಲ್ಲಿ ಹೇಳಿದ್ದೆ? ನಾನೇ ಬಿಡ್ಸಿದ್ದು" ಎಂದು ಅವರು ನನ್ನನ್ನು ಸುಲಭವಾಗಿ ಬಿಟ್ಟುಬಿಡಬಹುದು. ಅದಕ್ಕೇ ಆ ಹಳೆಯ ದಿನಚರಿಯನ್ನೂ ಚೀಲದಲ್ಲಿಟ್ಟುಕೊಂಡಿದ್ದೇನೆ. ಆ ಪುಟ ತೆಗೆದು ನನ್ನ ಕೈಬರಹ ತೋರಿಸುತ್ತೇನೆ.