ಟವೆಲ್ ಕೆಳಗಿನ ಕೈ

ಅವರ ಬಲಗೈಯ ಕಿರುಬೆರಳು ನೆಟ್ಟಗಿರಲಿಲ್ಲ. ನಡುಗೆಣ್ಣಿನಿಂದ ಒಳಕ್ಕೆ ಬಾಗಿ, ಪಕ್ಕದ ಬೆರಳಿಗೆ ಒರಗಿಕೊಂಡೇ ಇರುತ್ತಿತ್ತು. ಚಿಕ್ಕಂದಿನಲ್ಲಿ ಹೋರಿಯ ಹಗ್ಗ ಸುತ್ತಿಕೊಂಡು ಮುರಿದದ್ದಂತೆ. ನಾಟಿ ಕಟ್ಟು ಹಾಕಿಸಿದರು, ಮೂಳೆ ತನಗೆ ತೋಚಿದ ಹಾಗೆ ಕೂಡಿಕೊಂಡಿತು. "ಇದು ನನ್ನ ನಂಬರ್ ಪ್ಲೇಟು ಅಮ್ಮಣ್ಣಿ. ಕಣ್ಮುಚ್ಕೊಂಡು ಮುಟ್ಟಿದ್ರೂ ನಾನೇ ಅಂತ ಗೊತ್ತಾಗ್ಬಿಡುತ್ತೆ" ಎಂದು ಆ ಬೆರಳನ್ನೇ ಆಡಿಸಿ ನಗುತ್ತಿದ್ದರು.

ಅವರು ಕಾರು ದಲ್ಲಾಳಿ. ನಾನು ಅಣ್ಣ ಎನ್ನುತ್ತಿದ್ದೆ. ಹಲಸೂರು ಕೆರೆಯ ಪಕ್ಕದ ಒಂದು ಟೀ ಅಂಗಡಿಯ ಮುಂದೆ ಹೊಂಗೆ ಮರ, ಮರದ ಕೆಳಗೆ ಒಂದು ಪ್ಲಾಸ್ಟಿಕ್ ಕುರ್ಚಿ. ಅದೇ ಅವರ ಆಫೀಸು. ಹೆಗಲ ಮೇಲೆ ಕೆಂಪಂಚಿನ ಬಿಳಿ ಟವೆಲ್. ಅವರ ತಂದೆ ಕೆ.ಆರ್. ಪುರದ ಸಂತೆಯಲ್ಲಿ ದನದ ವ್ಯಾಪಾರ ಕುದುರಿಸುತ್ತಿದ್ದವರು. ಸಂತೆಯಲ್ಲಿ ದನದ ಬೆಲೆಯನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಟವೆಲ್ ಹೊದಿಸಿ ಅದರ ಕೆಳಗೆ ಕೈ ಕೈ ಹಿಡಿದು, ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಪೂರಾ ಕೈ ಹಿಡಿದರೆ ಐದು. ಹೊಲಗಳೆಲ್ಲ ಅಪಾರ್ಟ್‌ಮೆಂಟ್ ಆದವು, ಎತ್ತುಗಳು ಹೋದವು, ಅಣ್ಣ ಕಾರುಗಳಿಗೆ ಬಂದರು. ಟವೆಲ್ ಮಾತ್ರ ಬಿಡಲಿಲ್ಲ. "ಎಲ್ರ ಮುಂದೆ ಬಾಯಲ್ಲಿ ರೇಟ್ ಹೇಳಿದ್ರೆ ಅದು ಮರ್ಯಾದೆ ಪ್ರಶ್ನೆ ಆಗೋಗುತ್ತೆ. ಆಮೇಲೆ ಇಳಿಯೋಕೂ ಆಗಲ್ಲ, ಏರೋಕೂ ಆಗಲ್ಲ. ಇದ್ರೊಳಗೆ ಎಷ್ಟು ಸಲ ಬೇಕಾದ್ರೂ ಮನಸ್ಸು ಬದಲಾಯಿಸ್ಬೋದು" ಎನ್ನುವುದು ಅವರ ವಾದ.

ನನ್ನದು ಮರ್ಫಿ ಟೌನಿನಲ್ಲಿ ಹೊಲಿಗೆ ಅಂಗಡಿ. ಬ್ಲೌಸು, ಚೂಡಿದಾರ, ಮದುವೆ ಕಾಲದಲ್ಲಿ ರೇಷ್ಮೆ ಕೆಲಸ. ಮದುವೆ ಆಗಲಿಲ್ಲ, ಆಗಬೇಕೆಂದೂ ಅನ್ನಿಸಲಿಲ್ಲ. ಇಪ್ಪತ್ತೈದು ವರ್ಷ ಶಿವಾಜಿನಗರದಿಂದ ಲೈನಿಂಗ್ ಬಟ್ಟೆಯ ಗಂಟು ಹೊತ್ತು ಬಸ್ಸು ಹತ್ತಿದ್ದೇನೆ. ಗಂಟಿಗೂ ಟಿಕೆಟ್ ತಗೊಳ್ಳಮ್ಮ ಎಂದ ಕಂಡಕ್ಟರುಗಳ ಜೊತೆ ಜಗಳವಾಡಿ ಗೆದ್ದಿದ್ದೇನೆ. ನಲವತ್ತೆಂಟನೇ ವಯಸ್ಸಿಗೆ, ಕೂಡಿಟ್ಟದ್ದನ್ನೆಲ್ಲ ಬಳಿದು, ಎಂಟು ಲಕ್ಷಕ್ಕೆ ನವಿಲುನೀಲಿ ಬಣ್ಣದ ಒಂದು ಪುಟ್ಟ ಕಾರು ತಗೊಂಡೆ.

ಆ ಏಳು ತಿಂಗಳನ್ನು ನೆನೆದರೆ ಈಗಲೂ ಒಂದು ಹಗಲುಗನಸಿನೊಳಗೆ ಹೋಗಿ ಬಂದಂತಾಗುತ್ತದೆ. ಭಾನುವಾರ ಬೆಳಿಗ್ಗೆ ಕೆಲಸವಿಲ್ಲದಿದ್ದರೂ ಕಾಕ್ಸ್ ಟೌನಿನ ಬೀದಿಗಳಲ್ಲಿ ಸುಮ್ಮನೆ ಸುತ್ತುತ್ತಿದ್ದೆ. ಗಾಜು ಇಳಿಸಿದರೆ ಬೇಕರಿಯ ಬನ್ನಿನ ವಾಸನೆ, ಎಲ್ಲೋ ಚರ್ಚಿನ ಗಂಟೆ, ರಸ್ತೆಯುದ್ದಕ್ಕೂ ಉದುರಿದ ಗುಲಾಬಿ ಬಣ್ಣದ ಹೂವು. ಹೂವಿನ ಮೇಲೆ ಚಕ್ರ ಹರಿಸಲು ಮನಸ್ಸು ಬಾರದೆ ನಿಧಾನ ಮಾಡುತ್ತಿದ್ದೆ. ಹಿಂದಿನವರು ಹಾರ್ನ್ ಹೊಡೆದು ಸಾಯುತ್ತಿದ್ದರು. ಹೊಡೆದುಕೊಳ್ಳಲಿ ಬಿಡಿ ಎಂದುಕೊಂಡು ನಾನು ರಾಣಿಯ ಹಾಗೆ ಹೋಗುತ್ತಿದ್ದೆ.

ಒಂದು ಮಧ್ಯಾಹ್ನ ಟಿನ್ ಫ್ಯಾಕ್ಟರಿ ಹತ್ತಿರ ಎಡಗಡೆಯಿಂದ ಬಂದ ಬೈಕು ನನಗೆ ಕಾಣಲೇ ಇಲ್ಲ. ಬಾಗಿಲು ಉಜ್ಜಿ ಬೈಕು ಮಗುಚಿತು. ಪುಣ್ಯಕ್ಕೆ ಹುಡುಗನಿಗೆ ಏನೂ ಆಗಲಿಲ್ಲ. "ಕಣ್ಣು ಕಾಣ್ಸಲ್ವಾ ಆಂಟಿ?" ಎಂದು ಕಿರುಚಿದ. ಬೈಗುಳವೇನೋ ಸರಿ, ಆದರೆ ಆ ಪ್ರಶ್ನೆ ಮನೆತನಕ ನನ್ನ ಜೊತೆಗೇ ಬಂತು. ವಾರದ ಮೇಲೆ ಕಣ್ಣಿನ ಡಾಕ್ಟರ್ ಅದಕ್ಕೆ ಉತ್ತರ ಕೊಟ್ಟರು: ಗ್ಲಾಕೋಮಾ. ನೋಟ ಅಂಚುಗಳಿಂದ ಸವೆಯುತ್ತಾ ಬಂದಿದೆ, ಹೋದದ್ದು ವಾಪಸು ಬರುವುದಿಲ್ಲ. ಎದುರಿಗಿನದು ಇನ್ನೂ ಕೆಲವು ವರ್ಷ ಇರುತ್ತದೆ, ಸೂಜಿಗೆ ದಾರ ಪೋಣಿಸಬಹುದು. ಗಾಡಿ ಮಾತ್ರ ಇವತ್ತಿನಿಂದಲೇ ಬೇಡ.

ಹೀಗಾಗಿ ಮಾರಬೇಕಾಯಿತು. ಕಣ್ಣು ಪೂರ್ತಿ ಹೋದ ಮೇಲೆ ನನ್ನನ್ನು ಸಾಕುವುದಕ್ಕೆ ಆ ಕಾರಿನ ದುಡ್ಡು ಬಿಟ್ಟರೆ ಬೇರೇನೂ ಇರಲಿಲ್ಲ. ಒಳ್ಳೇ ಬೆಲೆಗೇ ಹೋಗಬೇಕು. ಆದರೆ ಯಾಕೆ ಮಾರುತ್ತಿದ್ದೇನೆಂದು ಒಂದು ನರಪಿಳ್ಳೆಗೂ ಗೊತ್ತಾಗಬಾರದು. ಕಣ್ಣಿಲ್ಲದ ಟೈಲರ್ ಕೈಗೆ ಯಾರು ರೇಷ್ಮೆ ಕೊಡುತ್ತಾರೆ?

ಬೆಲೆ ಬರಲಿ ಎಂದು ನಾನು ಎರಡು ಘನಂದಾರಿ ಕೆಲಸ ಮಾಡಿದೆ. ಉಜ್ಜಿದ್ದ ಬಾಗಿಲಿಗೆ ಹೊಸ ಬಣ್ಣ ಹೊಡೆಸಿದೆ. ಮೂರು ದಿನ ಕೂತು ಸೀಟುಗಳಿಗೆ ಅಂಚುಪಟ್ಟಿ ಇಟ್ಟು ಕವರ್ ಹೊಲಿದೆ. ಹಳೇ ಕಾರು ಕೊಳ್ಳುವ ಒಂದು ಕಂಪನಿಯ ಹುಡುಗ ಬಂದು ಬಾಗಿಲಿಗೆ ಏನೋ ಯಂತ್ರ ಒತ್ತಿದ. "ಮೇಡಂ, ರೀಪೇಂಟ್ ಆಗಿದೆ, ಆಕ್ಸಿಡೆಂಟ್ ಗಾಡಿ" ಎಂದು ಐದೂವರೆ ಲಕ್ಷ ಎಂದ. ಅವನನ್ನು ವಾಪಸು ಕಳಿಸಿದೆ. ಪಕ್ಕದ ಬೀದಿಯ ಆಟೋದವನು ಕಾರನ್ನು ತಾನೇ ಓಡಿಸಿಕೊಂಡು, ನನ್ನನ್ನು ಅಣ್ಣನ ಹೊಂಗೆ ಮರದ ಕೆಳಗೆ ತಂದು ನಿಲ್ಲಿಸಿದ.

ಅಣ್ಣ ಏನೂ ಕೇಳಲಿಲ್ಲ. ಕಾರೊಳಗೆ ಕೂತು, ಸ್ಟೇರಿಂಗ್ ಮೇಲೆ ಎರಡೂ ಕೈಯಿಟ್ಟು ಕಣ್ಣು ಮುಚ್ಚಿದರು. ಎಂಜಿನ್ ಸಣ್ಣಗೆ ಗುನುಗುತ್ತಿತ್ತು. ಮರದ ನೆರಳು ಗಾಜಿನ ಮೇಲೆ ಅಲ್ಲಾಡುತ್ತಿತ್ತು. ಎಷ್ಟು ಹೊತ್ತಾದರೂ ಎದ್ದೇಳದ್ದು ಕಂಡು, ಮುದುಕಪ್ಪ ನಿದ್ದೆಗೆ ಜಾರಿದನೇನೋ ಎಂದು ನನಗೆ ಅನುಮಾನ ಬಂತು. ಆಮೇಲೆ ಇಳಿದು, ಬಾಗಿಲುಗಳನ್ನು ಒಂದೊಂದಾಗಿ ಗೆಣ್ಣಿನಿಂದ ಕುಟ್ಟುತ್ತಾ ಬಂದರು.

"ಇದೊಂದಕ್ಕೆ ಮಾತ್ರ ಯಾಕಮ್ಮಣ್ಣಿ ಹೊಸ ಸೀರೆ ಉಡ್ಸಿದ್ದೀರಾ?"

ನಾನು ಬಣ್ಣ ಹೊಡೆಸಿದ ಆ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

"ಸೀಟ್ ಕವರ್ ಹೊಲಿಗೆ ಬೋ ಚೆನ್ನಾಗೈತೆ. ಯಾರು ಹೊಲ್ದಿದ್ದು?"

"ನಾನೇ," ಎಂದೆ ಜಂಬದಿಂದ.

"ಹಂಗಾದ್ರೆ ನೀವೇ ಬಿಚ್ಚಿ. ಏಳು ತಿಂಗಳ ಗಾಡಿಗೆ ಕವರ್ ನೋಡಿದ್ರೆ ಒಳಗೇನೋ ಮುಚ್ಚಿಟ್ಟವ್ರೆ ಅನ್ಸುತ್ತೆ. ಪಾಲಿಶ್ ಗೀಲಿಶ್ ಬೇಡ, ನೀರಲ್ಲಿ ತೊಳೀರಿ ಸಾಕು. ಎರಡೂ ಕೀ, ಸರ್ವಿಸ್ ಬುಕ್ಕು, ಬಿಲ್ಲು, ಇನ್ಶೂರೆನ್ಸು ಎಲ್ಲ ಒಂದೇ ಫೈಲಲ್ಲಿ ಇಡಿ. ಆಮೇಲೆ ಒಂದೇ ಒಂದು ಪ್ರಶ್ನೆ ಉಳ್ಕೊಳುತ್ತೆ, ಹೊಸ ಗಾಡಿ ಯಾಕೆ ಮಾರ್ತಿದ್ದೀರಾ ಅಂತ. ರೇಟು ಇರೋದು ಅದ್ರ ಉತ್ತರದಲ್ಲಿ."

ನನ್ನ ಬಳಿ ಉತ್ತರ ಸಿದ್ಧವಿತ್ತು: ದುಬೈಯಲ್ಲಿರುವ ತಮ್ಮನ ಮನೆಗೆ ಹೋಗುತ್ತಿದ್ದೇನೆ. ನನಗೆ ತಮ್ಮನೇ ಇಲ್ಲ! ಮೊದಲು ಬಂದವರು ಯಾವಾಗ ಹೊರಡುತ್ತೀರಿ ಎಂದರು, ಮುಂದಿನ ತಿಂಗಳು ಎಂದೆ. ವೀಸಾ ಬಂತಾ ಎಂದರು, ತಡವರಿಸಿದೆ. ಫೋನ್ ಮಾಡುತ್ತೇವೆ ಎಂದು ಹೋದವರು ಹೋದರು. ಎರಡನೆಯವರು ಬಾಗಿಲ ಬಣ್ಣ ನೋಡಿ, ನನ್ನ ಮುಖ ನೋಡಿ, ಟೀ ಕೂಡ ಕುಡಿಯದೆ ಎದ್ದರು.

ಅವರು ಹೋದ ಮೇಲೆ ಅಣ್ಣ ನನ್ನ ಎಡಗಡೆ ನಿಂತು ಟೀ ಗ್ಲಾಸು ಚಾಚಿದ್ದರಂತೆ. ನಾನು ಕೆರೆಯ ಮೇಲಿನ ಬಿಸಿಲು ನೋಡುತ್ತಾ ಕೂತಿದ್ದೆ. ಗ್ಲಾಸು ನನಗೆ ಕಾಣಲಿಲ್ಲ. ಅವರು ಕರೆಯಲಿಲ್ಲ, ನಿಧಾನವಾಗಿ ಬಲಗಡೆಗೆ ಬಂದು ಮತ್ತೆ ಚಾಚಿದರು. ಅವತ್ತಿನಿಂದ ಅವರ ಕುರ್ಚಿ ಯಾವಾಗಲೂ ನನ್ನ ಬಲಕ್ಕೇ ಇರುತ್ತಿತ್ತು. ಎರಡು ದಿನ ಬಿಟ್ಟು ಮೆಲ್ಲಗೆ ಹೇಳಿದರು:

"ಅಮ್ಮಣ್ಣಿ, ಗಾಡಿಗೇನೂ ಆಗಿಲ್ಲ ಅಂತ ಅವ್ರು ನಂಬ್ಬೇಕಾದ್ರೆ, ನಿಮ್ಗೇನಾಗಿದೆ ಅಂತ ನೀವು ಹೇಳ್ಬೇಕು."

ನನಗೆ ಎಲ್ಲಿತ್ತೋ ಸಿಟ್ಟು. "ನಿಮ್ಗೇನ್ರೀ, ಕಮಿಷನ್ ಬಂದ್ರೆ ಆಯ್ತು. ನನ್ನ ಅಂಗಡಿ ಮುಚ್ಚೋದ್ರೆ ನೀವು ಬಂದು ಅನ್ನ ಹಾಕ್ತೀರಾ?" ಎಂದು ಕೂಗಾಡಿ ಎದ್ದು ಬಂದೆ. ದಾರಿಯುದ್ದಕ್ಕೂ ಬೈದುಕೊಂಡೇ ಬಂದೆ. ಬೈಯುತ್ತಿದ್ದುದು ಅವರನ್ನಲ್ಲ ಎಂದು ಮನೆ ಸೇರುವ ಹೊತ್ತಿಗೆ ಗೊತ್ತಾಗಿತ್ತು.

ಮರುದಿನ ಅವರೇ ಅಂಗಡಿಗೆ ಬಂದರು. ಮಿಷನ್ನಿನ ಪಕ್ಕ ಸ್ಟೂಲ್ ಎಳೆದು ಕೂತು, ಹೆಗಲ ಟವೆಲ್ ತೆಗೆದು ನನ್ನ ಬಲಗೈ ಮೇಲೆ ಹೊದಿಸಿದರು. ಅದರ ಕೆಳಗೆ ಒರಟಾದ ಬೆಚ್ಚಗಿನ ಕೈ, ಆ ಬಾಗಿದ ಬೆರಳು. "ಬಾಯಲ್ಲಿ ಹೇಳೋಕಾಗ್ದಿದ್ರೆ ಇದ್ರಲ್ಲಿ ಹೇಳಿ. ಐದಕ್ಕೆ ಎಷ್ಟು ಕಾಣುತ್ತೆ?"

ನಾನು ಅವರ ನಾಲ್ಕು ಬೆರಳು ಹಿಡಿದೆ. ಅವರು ಕೈ ಬಿಡಲಿಲ್ಲ. ಹೊರಗೆ ತರಕಾರಿ ಗಾಡಿಯವನು ಕೂಗುತ್ತಾ ಹೋದ. ಫ್ಯಾನ್ ತಿರುಗುತ್ತಿತ್ತು. ನಾನು ಒಂದು ಬೆರಳು ಬಿಟ್ಟೆ. ಮೂರು. ಡಾಕ್ಟರನ್ನು ಬಿಟ್ಟರೆ ಈ ಲೋಕದಲ್ಲಿ ಅದು ಗೊತ್ತಾದ ಮೊದಲ ಮನುಷ್ಯ ಅವರು. ಟವೆಲ್ಲಿನ ಒಂದು ಕೊನೆಯಿಂದಲೇ ಕಣ್ಣೊರೆಸಿಕೊಂಡೆ. "ಸೋಪಲ್ಲಿ ಒಗೆದು ಕೊಡ್ಬೇಕು ಇದ್ನ," ಎಂದರು ಅಣ್ಣ.

ಮುಂದಿನ ಭಾನುವಾರ ಒಬ್ಬ ಮೇಸ್ತ್ರಿ ಹೆಂಡತಿಯನ್ನು ಕರೆದುಕೊಂಡು ಬಂದ. ರಾಯಚೂರು ಕಡೆಯವರು, ಕೆ.ಆರ್. ಪುರದಲ್ಲಿ ಬಾಡಿಗೆ ಕೋಣೆಯಲ್ಲಿದ್ದರು. ಅವನು ಹನ್ನೆರಡು ವರ್ಷ ಸೆಂಟ್ರಿಂಗ್ ಕೆಲಸ ಮಾಡಿ, ಈಗ ಸ್ವಂತ ಗುತ್ತಿಗೆ ಹಿಡಿಯುತ್ತಿದ್ದ. ಅವನು ಟೈರು ನೋಡಿದ, ಬಾಗಿಲು ನೋಡಿದ. ಹೆಂಡತಿ ನೇರವಾಗಿ ನನ್ನನ್ನೇ ನೋಡಿದಳು.

"ಅಕ್ಕಾರ, ಇಷ್ಟ ಛಲೋ ಗಾಡಿ ಯಾಕ ಮಾರಾಕತ್ತೀರಿ?"

ದುಬೈ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. "ನನ್ಗೆ ಪಕ್ಕದ್ದು ಕಾಣ್ಸಲ್ಲಮ್ಮ. ಟಿನ್ ಫ್ಯಾಕ್ಟರಿ ಹತ್ರ ಬೈಕ್ ಕಾಣ್ಸಲಿಲ್ಲ, ತಗುಲ್ತು. ಆ ಬಾಗಿಲಿಗೆ ಅದಕ್ಕೇ ಬಣ್ಣ ಹೊಡ್ಸಿದ್ದು. ಕಣ್ಣು ಹೋಗ್ತಾ ಇದೆ. ಗಾಡಿದೇನೂ ತಪ್ಪಿಲ್ಲ." ಹೊಂಗೆ ಮರ, ಕೆರೆ, ಟೀ ಅಂಗಡಿಯವನು ಎಲ್ಲರೂ ಕೇಳಿಸಿಕೊಂಡರು ಅನ್ನಿಸಿತು.

ಅವಳು ಹತ್ತಿರ ಬಂದಳು. "ಏನ್ ಕೆಲಸ ಮಾಡ್ತೀರಿ?" ಎಂದು ಕೇಳಿದಳು. ಹೊಲಿಗೆ ಎಂದೆ. "ಹಂಗಾದ್ರ ನನ್ನ ನಾಕು ಜಂಪರ್ ಲಗೂನ ಹೊಲದು ಕೊಡ್ರಿ. ಕಣ್ಣು ಇರೂತನಕ ಯಾಕ ಸುಮ್ನ ಕುಂದರ್ತೀರಿ?" ನಾನು ನಕ್ಕುಬಿಟ್ಟೆ. ಅಳುವೂ ಬಂತು.

ಗಂಡ ಕಾರು ಓಡಿಸಿ ನೋಡಿದ. ಅಣ್ಣ ಅವನ ಪಕ್ಕ, ನಾವಿಬ್ಬರು ಹೆಂಗಸರು ಹಿಂದೆ. ಹಳೇ ಮದ್ರಾಸ್ ರಸ್ತೆಯ ಬಿಸಿಲು, ಮೆಟ್ರೋ ಕಂಬಗಳ ನೆರಳು, ಒಂದಾದ ಮೇಲೊಂದು ನನ್ನ ಮಡಿಲ ಮೇಲೆ ಹರಿದುಹೋಗುತ್ತಿದ್ದವು. ನನ್ನ ಕಾರಿನ ಹಿಂದಿನ ಸೀಟಿನಲ್ಲಿ ನಾನು ಕೂತದ್ದು ಅದೇ ಮೊದಲು, ಅದೇ ಕೊನೆ. ಕವರ್ ಬಿಚ್ಚಿದ ಸೀಟನ್ನು ಅಂಗೈಯಿಂದ ಸವರಿದೆ. ಹೋಗಿ ಬಾ ಎಂದೆ, ಯಾರಿಗೂ ಕೇಳದ ಹಾಗೆ.

ಮರದ ಕೆಳಗೆ ಟವೆಲ್ ಬಿತ್ತು. ಅಣ್ಣ ಮೇಸ್ತ್ರಿಯ ಕೈ ಹಿಡಿದರು, ಬಿಟ್ಟರು. ನನ್ನ ಕೈಗೆ ಬಂದರು: ಪೂರಾ ಕೈ, ಒಂದು ಬೆರಳು. ಆರು. ನಾನು ಬೆರಳು ಮಡಚಿಕೊಂಡೆ. ಮತ್ತೆ ಅತ್ತ ಹೋದರು, ಇತ್ತ ಬಂದರು. ಮೇಸ್ತ್ರಿಯ ಹೆಂಡತಿ ಗಂಡನ ಬೆನ್ನಿಗೆ ಮೊಣಕೈಯಿಂದ ತಿವಿದದ್ದು ಮಾತ್ರ ನನಗೆ ಕಂಡಿತು. ಅದು ಎದುರಿಗೇ ಇತ್ತಲ್ಲ! ಕೊನೆಗೆ ಅಣ್ಣ ನನ್ನ ಪೂರಾ ಕೈ ಹಿಡಿದು, ಆಮೇಲೆ ಎರಡು ಬೆರಳು ಗಟ್ಟಿಯಾಗಿ ಒತ್ತಿದರು. ಏಳು. ಐದೂವರೆ ಎಂದಿದ್ದ ಗಾಡಿ, ಇದ್ದದ್ದು ಇದ್ದ ಹಾಗೆ ಹೇಳಿದ ಮೇಲೆ ಏಳಕ್ಕೆ ಹೋಯಿತು. ಆ ದುಡ್ಡು ಇವತ್ತಿಗೂ ನನ್ನ ಹೆಸರಿನಲ್ಲಿ ಬ್ಯಾಂಕಿನಲ್ಲಿದೆ.

ಆಮೇಲೆ ಮೂರು ವರ್ಷ ಅಣ್ಣ ತಿಂಗಳಿಗೊಮ್ಮೆ ಅಂಗಡಿಗೆ ಬರುತ್ತಿದ್ದರು. ಊರ ಸುದ್ದಿ ಹೇಳಿ, ನಾನು ತರಿಸಿದ ಟೀಗೆ ಸಕ್ಕರೆ ಸಾಲದು ಎಂದು ದೂರಿ, ಹೊರಡುವ ಮುಂಚೆ ಟವೆಲ್ ಹೊದಿಸುತ್ತಿದ್ದರು. ಎಷ್ಟು ಎಂದು ಬಾಯಿ ಬಿಟ್ಟು ಕೇಳುತ್ತಿರಲಿಲ್ಲ. ನಾನು ಮೂರು ಬೆರಳು ಹಿಡಿಯುತ್ತಿದ್ದೆ. ಒಂದು ದಿನ ಎರಡು ಹಿಡಿದೆ. ಅವತ್ತು ಅವರು ಟೀ ಬಗ್ಗೆ ದೂರಲಿಲ್ಲ.

ಹೋದ ವರ್ಷ ಅವರಿಗೆ ಲಕ್ವ ಹೊಡೆಯಿತು. ಎಡಭಾಗ ಹೋಯಿತು, ಮಾತೂ ಹೋಯಿತು. ಅವರ ಹೆಂಡತಿ, ನಾನು ಅತ್ತಿಗೆ ಎನ್ನುವವರು, ಫೋನ್ ಮಾಡಿ, "ಯಾರ್ ಬಂದ್ರೂ ಕಣ್ಣೇ ಬಿಡಲ್ಲಮ್ಮ, ನೀನೊಂದ್ಸಲ ಬಂದೋಗು" ಎಂದರು. ಕೆ.ಆರ್. ಪುರದ ಅವರ ಮನೆಗೆ ಹೋದೆ. ಸಂಜೆಯ ಬಿಸಿಲು ಕಿಟಕಿಯಿಂದ ಮಂಚದ ಮೇಲೆ ಬಿದ್ದಿತ್ತು. ಬಲಗಡೆ ಕೂತೆ. ಗೂಟದಲ್ಲಿದ್ದ ಕೆಂಪಂಚಿನ ಟವೆಲ್ ತಂದು ಅವರ ಬಲಗೈ ಮೇಲೆ ಹೊದಿಸಿ, ಕೆಳಗೆ ನನ್ನ ಕೈ ತೂರಿಸಿದೆ.

"ಅಣ್ಣಾ, ಎಷ್ಟು ಉಳಿದಿದೆ?"

ಅವರು ಕಣ್ಣು ಬಿಟ್ಟರು. ಬಹಳ ಹೊತ್ತಾಯಿತು. ಆಮೇಲೆ ಆ ಬಾಗಿದ ಕಿರುಬೆರಳು, ಅದೊಂದೇ, ಮೆಲ್ಲಗೆ ನನ್ನ ಅಂಗೈಯೊಳಗೆ ಬಂತು. ನಾನು ಅದನ್ನು ಹಿಡಿದುಕೊಂಡು ಬಿಸಿಲು ಹೋಗುವತನಕ ಕೂತಿದ್ದೆ. ನಾಲ್ಕು ದಿನಕ್ಕೆ ಅವರು ಹೋದರು.

ಟವೆಲ್ ಅನ್ನು ಅತ್ತಿಗೆ ನನಗೇ ಕೊಟ್ಟರು. ಸೋಪಿನಲ್ಲಿ ಒಗೆದು, ಮಿಷನ್ನಿನ ಪಕ್ಕದ ಆ ಸ್ಟೂಲಿನ ಮೇಲೆ ಮಡಚಿಟ್ಟಿದ್ದೇನೆ. ರೇಷ್ಮೆ ತಂದವರಿಗೆ ಮೊದಲೇ ಹೇಳುತ್ತೇನೆ, ನೋಡಿಯಮ್ಮ, ನನಗೆ ಐದಕ್ಕೆ ಎರಡು ಕಾಣುತ್ತೆ, ಬೇಕಾದರೆ ಕೊಡಿ. ಕೆಲವರು ವಾಪಸು ತಗೊಂಡು ಹೋಗುತ್ತಾರೆ. ಹೆಚ್ಚಿನವರು ಕೊಟ್ಟೇ ಹೋಗುತ್ತಾರೆ.